ಪ್ರದರ್ಶನಕ್ಕೆ ಮೊಲಗಳ ಆಯ್ಕೆ

ಪ್ರದರ್ಶನಕ್ಕೆ ಮೊಲಗಳ ಆಯ್ಕೆ ಎಂಬುದು ಸಾಕಾಣಿಕೆದಾರರು ತಮ್ಮಲ್ಲಿರುವ ಸಾಕುಮೊಲಗಳ ಪೈಕಿ ಯಾವುವನ್ನು ಸ್ಪರ್ಧಾತ್ಮಕ ಮೊಲ ಪ್ರದರ್ಶನಕ್ಕೆ ಒಯ್ಯಬೇಕು, ಯಾವುವನ್ನು ಗೂಡಿನಲ್ಲೇ ಉಳಿಸಬೇಕು ಎಂದು ನಿರ್ಧರಿಸುವ ಕ್ರಮವಾಗಿದೆ. ಪ್ರತಿಯೊಂದು ಮೊಲವನ್ನೂ ಅದರ ತಳಿಗೆ ಗೊತ್ತುಪಡಿಸಿದ ಲಿಖಿತ ಮಾನದಂಡದೊಡನೆ ಹೋಲಿಸಿ ನೋಡುವುದು ಈ ಆಯ್ಕೆಯ ತಳಹದಿ. ಸಾಮಾನ್ಯವಾಗಿ ಇದು ಮೂರು ಹಂತಗಳಲ್ಲಿ ನಡೆಯುತ್ತದೆ: ಮೊದಲು ನಿಯಮದಂತೆ ಅನರ್ಹವಾದ ಮೊಲಗಳನ್ನು ಬೇರ್ಪಡಿಸುವುದು, ಅನಂತರ ಉಳಿದವುಗಳ ಮೈಕಟ್ಟು, ತುಪ್ಪಟ ಮತ್ತು ಬಣ್ಣಗಳನ್ನು ಅಳೆಯುವುದು, ಕೊನೆಗೆ ಪ್ರದರ್ಶನದ ದಿನ ಅವು ಯಾವ ಸ್ಥಿತಿಯಲ್ಲಿರುತ್ತವೆ ಎಂಬುದನ್ನು ಅಂದಾಜಿಸುವುದು. ಮೊದಲೆರಡು ಹಂತಗಳಲ್ಲಿ ನೋಡುವ ಗುಣಗಳು ಬಹುಮಟ್ಟಿಗೆ ಹುಟ್ಟಿನಿಂದ ಬಂದವು. ಮೂರನೆಯದು ಋತು, ಆಹಾರ ಮತ್ತು ಆರೈಕೆಗಳನ್ನು ಅವಲಂಬಿಸಿ ಬದಲಾಗುವಂಥದು. ಈ ಎರಡು ಬಗೆಯ ಗುಣಗಳನ್ನು ಬೇರೆಬೇರೆಯಾಗಿ ತೂಗಿನೋಡುವುದೇ ಆಯ್ಕೆಯ ಮುಖ್ಯ ಕೌಶಲ. ಪ್ರದರ್ಶನದಲ್ಲಿ ಗೆಲ್ಲದ ಮೊಲವು ತಳಿ ಬೆಳೆಸಲು ನಿರುಪಯುಕ್ತವೆಂದಾಗಲಿ, ಗೆದ್ದ ಮೊಲದ ಮರಿಗಳೆಲ್ಲವೂ ಗೆಲ್ಲುವುವೆಂದಾಗಲಿ ಹೇಳಲಾಗದು.

ಈ ಲೇಖನವು ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನದ ಪದ್ಧತಿಯನ್ನು ವಿವರಿಸುತ್ತದೆ. ಬ್ರಿಟನ್ ಮತ್ತು ಜರ್ಮನಿಯ ಪದ್ಧತಿಗಳನ್ನು ಹೋಲಿಕೆಗಾಗಿ ಪ್ರಸ್ತಾಪಿಸಲಾಗಿದೆ.

ಹೆಸರು ಮತ್ತು ವ್ಯಾಪ್ತಿ

ಕನ್ನಡದಲ್ಲಿ 'ಮೊಲ' ಎಂಬ ಒಂದೇ ಪದವು ಎರಡು ಬೇರೆ ಪ್ರಾಣಿಗಳಿಗೆ ಸಲ್ಲುತ್ತದೆ. ಕರ್ನಾಟಕದ ಕುರುಚಲು ಕಾಡು ಮತ್ತು ಹೊಲಗಳಲ್ಲಿ ಕಾಣಸಿಗುವ ಕಾಡುಮೊಲವು ಲೆಪಸ್ ನಿಗ್ರಿಕೋಲಿಸ್ ಎಂಬ ಪ್ರಭೇದಕ್ಕೆ ಸೇರಿದ್ದು, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟಿದೆ. ಪ್ರದರ್ಶನಗಳಲ್ಲಿ ಸ್ಪರ್ಧಿಸುವ ಸಾಕುಮೊಲವು ಓರಿಕ್ಟೊಲಾಗಸ್ ಕ್ಯುನಿಕ್ಯುಲಸ್ ಎಂಬ ಯುರೋಪಿನ ಪ್ರಭೇದದಿಂದ ಬಂದದ್ದು. ಕಾಡುಮೊಲದ ಮರಿಗಳು ಮೈತುಂಬ ಕೂದಲಿದ್ದು ಕಣ್ಣು ತೆರೆದೇ ಹುಟ್ಟುತ್ತವೆ. ಸಾಕುಮೊಲದ ಮರಿಗಳು ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತವೆ. ಈ ಎರಡು ಪ್ರಭೇದಗಳ ನಡುವೆ ಸಂಕರ ಸಾಧ್ಯವಿಲ್ಲ. ಪ್ರದರ್ಶನ ತಳಿಗಳಲ್ಲಿ ಒಂದಾದ ಬೆಲ್ಜಿಯನ್ ಹೇರ್ ಹೆಸರಿನಲ್ಲಿ ಕಾಡುಮೊಲವನ್ನು ಸೂಚಿಸುವ ಇಂಗ್ಲಿಷ್ ಪದವಿದ್ದರೂ ಅದು ಸಾಕುಮೊಲವೇ ಆಗಿದೆ. ನೀಳ ಕಾಲು ಮತ್ತು ಕಮಾನಿನಂತಹ ಬೆನ್ನಿನಿಂದಾಗಿ ಅದಕ್ಕೆ ಆ ಹೆಸರು ಬಂದಿದೆ.

ಹಿನ್ನೆಲೆ

ಮಾಂಸ ಮತ್ತು ಚರ್ಮಕ್ಕಾಗಿ ಸಾಕುತ್ತಿದ್ದ ಮೊಲಗಳನ್ನು ಅಂದಕ್ಕಾಗಿ ಆಯ್ದು ಬೆಳೆಸುವ ಹವ್ಯಾಸವು 19ನೇ ಶತಮಾನದ ಇಂಗ್ಲೆಂಡಿನಲ್ಲಿ ಸಂಘಟಿತ ರೂಪ ಪಡೆಯಿತು. ಆರಂಭದ ಸ್ಪರ್ಧೆಗಳಲ್ಲಿ ಹೆಚ್ಚು ಗಮನ ಸೆಳೆದದ್ದು ಉದ್ದನೆಯ ಜೋಲುಕಿವಿಯ ಇಂಗ್ಲಿಷ್ ಲಾಪ್ ತಳಿ. ಒಂದು ಕಿವಿಯ ತುದಿಯಿಂದ ಇನ್ನೊಂದು ಕಿವಿಯ ತುದಿಯವರೆಗಿನ ಅಳತೆಯೇ ಅಲ್ಲಿ ಶ್ರೇಷ್ಠತೆಯ ಗುರುತಾಗಿತ್ತು. ಚಾರ್ಲ್ಸ್ ಡಾರ್ವಿನ್ 1868ರಲ್ಲಿ ಪ್ರಕಟಿಸಿದ, ಸಾಕುಪ್ರಾಣಿ ಮತ್ತು ಸಸ್ಯಗಳಲ್ಲಿನ ವೈವಿಧ್ಯವನ್ನು ಕುರಿತ ಗ್ರಂಥದಲ್ಲಿ ಸಾಕುಮೊಲಗಳಿಗೆ ಪ್ರತ್ಯೇಕ ಅಧ್ಯಾಯವಿದೆ. ಜೋಲುಕಿವಿಯ ಮೊಲಗಳ ಕಿವಿ ಮತ್ತು ತಲೆಬುರುಡೆಯ ಅಳತೆಗಳನ್ನು ಆತ ಅಲ್ಲಿ ಚರ್ಚಿಸಿದ್ದಾನೆ. ಮನುಷ್ಯನ ಆಯ್ಕೆಯು ಒಂದು ಪ್ರಾಣಿಯ ದೇಹವನ್ನು ಎಷ್ಟರಮಟ್ಟಿಗೆ ಬದಲಿಸಬಲ್ಲದು ಎಂಬುದಕ್ಕೆ ಅವು ಆತನಿಗೆ ನಿದರ್ಶನಗಳಾದವು.

ಅಮೆರಿಕದಲ್ಲಿ 19ನೇ ಶತಮಾನದ ಕೊನೆಯ ವರ್ಷಗಳಲ್ಲಿ ಬೆಲ್ಜಿಯನ್ ಹೇರ್ ತಳಿಯ ಬಗ್ಗೆ ಭಾರಿ ಆಸಕ್ತಿ ಹುಟ್ಟಿ, ಇಂಗ್ಲೆಂಡಿನಿಂದ ಬಹಳಷ್ಟು ಮೊಲಗಳು ಆಮದಾದವು. ಮುಂದೆ ಅಮೆರಿಕನ್ ರ‍್ಯಾಬಿಟ್ ಬ್ರೀಡರ್ಸ್ ಅಸೋಸಿಯೇಷನ್ ಎಂದು ಹೆಸರಾದ ಸಂಘವು 1910ರಲ್ಲಿ ಸ್ಥಾಪನೆಯಾಯಿತು. ಬ್ರಿಟನ್ನಿನಲ್ಲಿ ಅಲ್ಲಿಯವರೆಗೆ ಬೇರೆಬೇರೆಯಾಗಿದ್ದ ಎರಡು ಸಂಘಟನೆಗಳು 1934ರಲ್ಲಿ ಒಂದುಗೂಡಿ ಬ್ರಿಟಿಷ್ ರ‍್ಯಾಬಿಟ್ ಕೌನ್ಸಿಲ್ ರೂಪುಗೊಂಡಿತು. ಈ ಸಂಘಗಳು ತಳಿಗಳಿಗೆ ಮಾನ್ಯತೆ ನೀಡುತ್ತವೆ, ಮಾನದಂಡಗಳನ್ನು ಪ್ರಕಟಿಸುತ್ತವೆ ಮತ್ತು ತೀರ್ಪುಗಾರರಿಗೆ ಅರ್ಹತೆ ಗೊತ್ತುಪಡಿಸುತ್ತವೆ.

ತಳಿಯ ಮಾನದಂಡ

ಅಮೆರಿಕದ ಸಂಘವು 'ಸ್ಟ್ಯಾಂಡರ್ಡ್ ಆಫ್ ಪರ್ಫೆಕ್ಷನ್' ಎಂಬ ಗ್ರಂಥವನ್ನು ಐದು ವರ್ಷಗಳಿಗೊಮ್ಮೆ ಪರಿಷ್ಕರಿಸಿ ಪ್ರಕಟಿಸುತ್ತದೆ. ಮಾನ್ಯತೆ ಪಡೆದ ಐವತ್ತರಷ್ಟು ತಳಿಗಳಲ್ಲಿ ಪ್ರತಿಯೊಂದರ ಆದರ್ಶ ರೂಪವನ್ನೂ ಅದರಲ್ಲಿ ವರ್ಣಿಸಿ, ಒಟ್ಟು 100 ಅಂಕಗಳನ್ನು ವಿವಿಧ ಅಂಗ ಮತ್ತು ಗುಣಗಳಿಗೆ ಹಂಚಲಾಗಿದೆ. ಈ ಹಂಚಿಕೆ ತಳಿಯಿಂದ ತಳಿಗೆ ಬದಲಾಗುತ್ತದೆ. ನ್ಯೂಜಿಲೆಂಡ್, ಕ್ಯಾಲಿಫೋರ್ನಿಯನ್ ಮೊದಲಾದ ಮಾಂಸದ ತಳಿಗಳಲ್ಲಿ ಅಂಕಗಳ ದೊಡ್ಡ ಪಾಲು ಮೈಕಟ್ಟಿಗೆ ಮೀಸಲು. ಅಂಗೋರಾ ತಳಿಗಳಲ್ಲಿ ಉಣ್ಣೆಗೆ, ರೆಕ್ಸ್ ತಳಿಯಲ್ಲಿ ಮಖಮಲ್ಲಿನಂತಹ ಗಿಡ್ಡ ತುಪ್ಪಟಕ್ಕೆ, ಡಚ್ ಮತ್ತು ಇಂಗ್ಲಿಷ್ ಸ್ಪಾಟ್ ತಳಿಗಳಲ್ಲಿ ಬಣ್ಣದ ಗುರುತುಗಳಿಗೆ ಹೆಚ್ಚಿನ ಬೆಲೆಯಿದೆ. ಆದ್ದರಿಂದ ಒಂದು ತಳಿಯಲ್ಲಿ ಅಲಕ್ಷಿಸಬಹುದಾದ ಕೊರತೆಯು ಇನ್ನೊಂದರಲ್ಲಿ ಸೋಲಿಗೆ ಕಾರಣವಾಗಬಲ್ಲದು.

ಮಾನದಂಡದಲ್ಲಿ 'ದೋಷ' ಮತ್ತು 'ಅನರ್ಹತೆ' ಎಂಬ ಎರಡು ಪ್ರತ್ಯೇಕ ವರ್ಗಗಳಿವೆ. ದೋಷವಿರುವ ಮೊಲ ಸ್ಪರ್ಧೆಯಲ್ಲಿ ಉಳಿಯುತ್ತದೆಯಾದರೂ ಕೆಳಗಿನ ಸ್ಥಾನ ಪಡೆಯುತ್ತದೆ. ಅನರ್ಹತೆಯಿರುವ ಮೊಲವನ್ನು ಅದರ ಉಳಿದ ಗುಣಗಳು ಎಷ್ಟೇ ಉತ್ತಮವಾಗಿದ್ದರೂ ಸ್ಪರ್ಧೆಯಿಂದ ಹೊರಗಿಡಲಾಗುತ್ತದೆ.

ಅನರ್ಹತೆಗಳ ಪರಿಶೀಲನೆ

ಆಯ್ಕೆಯನ್ನು ಅನರ್ಹತೆಗಳಿಂದ ಆರಂಭಿಸುವುದು ರೂಢಿ. ಪರಿಶೀಲನೆಗಾಗಿ ಮೊಲವನ್ನು ಜಾರದಂತೆ ಚಾಪೆ ಹಾಸಿದ ಮೇಜಿನ ಮೇಲಿರಿಸಿ, ಅನಂತರ ಬೆನ್ನಿಗೆ ಪೂರ್ಣ ಆಸರೆ ಕೊಟ್ಟು ಅಂಗಾತ ಹಿಡಿದು ನೋಡುತ್ತಾರೆ. ಮೊಲದ ಬೆನ್ನೆಲುಬು ಸೂಕ್ಷ್ಮವಾದುದರಿಂದ ಹಿಂಗಾಲುಗಳು ಜೋರಾಗಿ ಒದೆಯದಂತೆ ಹಿಡಿಯುವುದು ಅಗತ್ಯ. ಮುಖ್ಯವಾಗಿ ಗಮನಿಸುವ ಅಂಶಗಳು ಇವು:

• ಹಲ್ಲು: ಮೇಲಿನ ಬಾಚಿಹಲ್ಲುಗಳು ಕೆಳಗಿನವುಗಳ ಮುಂದಕ್ಕೆ ಬಂದು ಹೊಂದಿಕೊಳ್ಳಬೇಕು. ಎರಡೂ ಸಾಲುಗಳು ತುದಿಗೆ ತುದಿ ತಾಗುವುದು ಅಥವಾ ಕೆಳಹಲ್ಲು ಮುಂದೆ ಚಾಚುವುದು ಅನರ್ಹತೆ. ಮೊಲದ ಹಲ್ಲು ಜೀವಮಾನವಿಡೀ ಬೆಳೆಯುವುದರಿಂದ ಇದು ನೋಟದ ದೋಷವಷ್ಟೇ ಆಗಿರದೆ ಆಹಾರ ಸೇವನೆಗೇ ಅಡ್ಡಿಯಾಗುತ್ತದೆ.
• ಕಣ್ಣು: ಕುರುಡುತನ, ಕಣ್ಣಿನ ಬಣ್ಣ ತಳಿಯ ಮಾನದಂಡಕ್ಕೆ ಹೊಂದದಿರುವುದು.
• ಮೂಗು ಮತ್ತು ಮುಂಗಾಲು: ಮೂಗಿನಿಂದ ಬಿಳಿಯ ಸ್ರಾವ. ಮೊಲವು ಮುಂಗಾಲಿನಿಂದ ಮೂಗು ಒರೆಸಿಕೊಳ್ಳುವುದರಿಂದ ಮುಂಗಾಲಿನ ಒಳಬದಿಯ ಕೂದಲು ಅಂಟಂಟಾಗಿದ್ದರೆ ಉಸಿರಾಟದ ಸೋಂಕನ್ನು ಶಂಕಿಸಲಾಗುತ್ತದೆ.
• ಕಿವಿ: ನುಸಿಯಿಂದಾಗುವ ಕಿವಿಕಜ್ಜಿ, ಹರಿದು ಭಾಗ ಕಳೆದುಕೊಂಡ ಕಿವಿ.
• ಉಗುರು: ಬಣ್ಣದ ಮೊಲಕ್ಕೆ ಬಿಳಿ ಉಗುರು ಅಥವಾ ಬಿಳಿ ಮೊಲಕ್ಕೆ ಬಣ್ಣದ ಉಗುರು ಹಲವು ತಳಿಗಳಲ್ಲಿ ಅನರ್ಹತೆ. ಒಂದೇ ಒಂದು ಉಗುರು ಬೇರೆಯಾಗಿದ್ದರೂ ಸಾಕು.
• ಬಾಲ: ಮುರಿದ, ತಿರುಚಿಕೊಂಡ ಅಥವಾ ಗಂಟುಬಿದ್ದ ಬಾಲ.
• ಜನನಾಂಗ: ಸೀಳಿದ ಶಿಶ್ನ, ಪ್ರಾಯದ ಗಂಡಿನಲ್ಲಿ ಎರಡೂ ವೃಷಣಗಳು ಇಳಿಯದಿರುವುದು, ಮೊಲಗಳಲ್ಲಿ ಕೂಡುವಿಕೆಯಿಂದ ಹರಡುವ ಸೋಂಕಿನ ಹುಣ್ಣುಗಳು.
• ಚರ್ಮ: ಕೀವುಗಡ್ಡೆ, ಹುಳುಕಡ್ಡಿ, ನುಸಿಬಾಧೆ.
• ಗುರುತು: ಎಡಗಿವಿಯ ಒಳಬದಿಯಲ್ಲಿ ಸ್ಪಷ್ಟವಾಗಿ ಓದಬಹುದಾದ ಶಾಶ್ವತ ಹಚ್ಚೆ ಸಂಖ್ಯೆ ಇಲ್ಲದಿರುವುದು. ಬಲಗಿವಿಯು ಸಂಘದ ನೋಂದಣಿ ಮುದ್ರೆಗೆ ಮೀಸಲು.

ಇವುಗಳಲ್ಲಿ ಕೆಲವು ತಾತ್ಕಾಲಿಕ. ಕಿವಿಕಜ್ಜಿ ಚಿಕಿತ್ಸೆಯಿಂದ ವಾಸಿಯಾಗುತ್ತದೆ. ಹಚ್ಚೆಯನ್ನು ಮತ್ತೆ ಹಾಕಬಹುದು. ಆದರೆ ವಂಶಪಾರಂಪರ್ಯವಾಗಿ ಬಂದ ಹಲ್ಲಿನ ವಕ್ರತೆಯಂಥವು ಗುಣವಾಗುವುದಿಲ್ಲ. ಗೂಡಿನ ತಂತಿ ಕಚ್ಚಿ ಹಲ್ಲು ಸೊಟ್ಟಗಾಗಿದೆಯೋ ಅಥವಾ ಹುಟ್ಟಿನಿಂದಲೇ ಹಾಗಿದೆಯೋ ಎಂಬುದನ್ನು ತಿಳಿಯಲು ಅದೇ ಸೂಲಿನ ಇತರ ಮರಿಗಳನ್ನೂ ತಂದೆತಾಯಿಗಳನ್ನೂ ಪರೀಕ್ಷಿಸುವುದು ನೆರವಾಗುತ್ತದೆ.

ವಯಸ್ಸು ಮತ್ತು ತೂಕ

ಅಮೆರಿಕದ ಪದ್ಧತಿಯಲ್ಲಿ ತಳಿಗಳನ್ನು ನಾಲ್ಕು ತರಗತಿಯವು ಮತ್ತು ಆರು ತರಗತಿಯವು ಎಂದು ವಿಂಗಡಿಸಲಾಗಿದೆ. ನೆದರ್ಲೆಂಡ್ ಡ್ವಾರ್ಫ್, ಡಚ್ ಮೊದಲಾದ ಸಣ್ಣ ತಳಿಗಳಲ್ಲಿ ಆರು ತಿಂಗಳಿಗಿಂತ ಕಿರಿಯ ಗಂಡು ಮತ್ತು ಹೆಣ್ಣು, ಆರು ತಿಂಗಳು ಅಥವಾ ಮೇಲ್ಪಟ್ಟ ಗಂಡು ಮತ್ತು ಹೆಣ್ಣು ಎಂದು ನಾಲ್ಕು ತರಗತಿಗಳಿವೆ. ನ್ಯೂಜಿಲೆಂಡ್, ಫ್ಲೆಮಿಷ್ ಜೈಂಟ್ ಮೊದಲಾದ ದೊಡ್ಡ ತಳಿಗಳು ಬಲಿಯಲು ಹೆಚ್ಚು ಕಾಲ ಬೇಕಾಗುವುದರಿಂದ ಆರರಿಂದ ಎಂಟು ತಿಂಗಳಿನವಕ್ಕೆ ಮಧ್ಯಮ ತರಗತಿಯನ್ನು ಸೇರಿಸಲಾಗಿದೆ. ಅವುಗಳಲ್ಲಿ ಎಂಟು ತಿಂಗಳು ತುಂಬಿದವು ಮಾತ್ರ ಹಿರಿಯ ತರಗತಿಗೆ ಸೇರುತ್ತವೆ.

ಪ್ರತಿ ತರಗತಿಗೂ ತೂಕದ ಮಿತಿಯಿದೆ. ಹಿರಿಯ ತರಗತಿಯ ಕೆಲವು ಮಿತಿಗಳು ಹೀಗಿವೆ:

• ನೆದರ್ಲೆಂಡ್ ಡ್ವಾರ್ಫ್: ಗರಿಷ್ಠ 2.5 ಪೌಂಡ್ (ಸುಮಾರು 1.13 ಕಿ.ಗ್ರಾಂ)
• ಹಾಲೆಂಡ್ ಲಾಪ್: ಗರಿಷ್ಠ 4 ಪೌಂಡ್ (ಸುಮಾರು 1.8 ಕಿ.ಗ್ರಾಂ)
• ಡಚ್: 3.5ರಿಂದ 5.5 ಪೌಂಡ್ (ಸುಮಾರು 1.6ರಿಂದ 2.5 ಕಿ.ಗ್ರಾಂ)
• ನ್ಯೂಜಿಲೆಂಡ್: ಗಂಡು 9ರಿಂದ 11, ಹೆಣ್ಣು 10ರಿಂದ 12 ಪೌಂಡ್ (ಸುಮಾರು 4.1ರಿಂದ 5 ಮತ್ತು 4.5ರಿಂದ 5.4 ಕಿ.ಗ್ರಾಂ)
• ಫ್ಲೆಮಿಷ್ ಜೈಂಟ್: ಗಂಡು ಕನಿಷ್ಠ 13, ಹೆಣ್ಣು ಕನಿಷ್ಠ 14 ಪೌಂಡ್ (ಸುಮಾರು 5.9 ಮತ್ತು 6.4 ಕಿ.ಗ್ರಾಂ), ಗರಿಷ್ಠ ಮಿತಿಯಿಲ್ಲ

ತನ್ನ ವಯಸ್ಸಿನ ತರಗತಿಯ ಗರಿಷ್ಠ ತೂಕ ಮೀರಿದ ಎಳೆಯ ಮೊಲವನ್ನು ಮೇಲಿನ ತರಗತಿಯಲ್ಲಿ ಸ್ಪರ್ಧೆಗೆ ಇಳಿಸಬಹುದು. ಆದರೆ ವಯಸ್ಸಾದ ಮೊಲವನ್ನು ಕೆಳಗಿನ ತರಗತಿಯಲ್ಲಿ ತೋರಿಸುವಂತಿಲ್ಲ. ಮೇಲಿನ ತರಗತಿಗೆ ಹೋದ ಎಳೆಯ ಮೊಲ ಅಲ್ಲಿ ಪೂರ್ಣ ಬೆಳೆದವುಗಳೊಂದಿಗೆ ಸೆಣಸಬೇಕಾಗುವುದರಿಂದ ಇದು ಯಾವಾಗಲೂ ಲಾಭದಾಯಕವಲ್ಲ. ಪ್ರವೇಶಪತ್ರ ಸಲ್ಲಿಸುವ ಮುನ್ನ ಮೊಲವನ್ನು ತೂಗಿನೋಡುವುದೂ, ಪ್ರಯಾಣದಲ್ಲಿ ಮೊಲ ತುಸು ತೂಕ ಕಳೆದುಕೊಳ್ಳುತ್ತದೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೂ ವಾಡಿಕೆ. ಮಿತಿಯೊಳಗೆ ಬರಲೆಂದು ಮೊಲವನ್ನು ಉಪವಾಸ ಕೆಡವುವುದು ಅಪಾಯಕರ; ಮೊಲದ ಕರುಳು ನಿರಂತರವಾಗಿ ಆಹಾರ ಬೇಡುವಂಥದಾದ್ದರಿಂದ ಮೇವು ನಿಂತರೆ ಜೀರ್ಣಕ್ರಿಯೆಯೇ ಸ್ಥಗಿತಗೊಂಡು ಪ್ರಾಣಾಪಾಯವಾಗಬಹುದು.

ಮೈಕಟ್ಟು

ಅಮೆರಿಕದ ಮಾನದಂಡವು ಮೊಲಗಳ ಮೈಕಟ್ಟನ್ನು ಐದು ಬಗೆಗಳಾಗಿ ಗುರುತಿಸುತ್ತದೆ: ಪೂರ್ಣ ಕಮಾನು, ಅರೆ ಕಮಾನು, ಅಡಕ, ವಾಣಿಜ್ಯ ಮತ್ತು ಉರುಳೆ. ಉರುಳೆಯ ಬಗೆಗೆ ಸೇರುವುದು ಹಿಮಾಲಯನ್ ತಳಿಯೊಂದೇ. ಬೆಲ್ಜಿಯನ್ ಹೇರ್, ಇಂಗ್ಲಿಷ್ ಸ್ಪಾಟ್, ಟ್ಯಾನ್ ಮೊದಲಾದವು ಪೂರ್ಣ ಕಮಾನಿನವು. ಇವನ್ನು ಮುದುಡಿ ಕೂರಿಸದೆ ಮೇಜಿನ ಮೇಲೆ ನಡೆದಾಡಲು ಬಿಟ್ಟು ನೋಡುತ್ತಾರೆ. ನೆದರ್ಲೆಂಡ್ ಡ್ವಾರ್ಫ್ ಅಡಕ ಬಗೆಯದು. ಫ್ಲೆಮಿಷ್ ಜೈಂಟ್ ಅರೆ ಕಮಾನಿನದು.

ವಾಣಿಜ್ಯ ಬಗೆಯ ಮೊಲವನ್ನು ಪರೀಕ್ಷಿಸುವಾಗ ಮುಂಗಾಲಿನ ಬೆರಳುಗಳು ಕಣ್ಣಿನ ನೇರಕ್ಕೂ ಹಿಂಗಾಲುಗಳು ಸೊಂಟದ ಕೆಳಗೂ ಬರುವಂತೆ ಕೂರಿಸಲಾಗುತ್ತದೆ. ಬದಿಯಿಂದ ನೋಡಿದಾಗ ಬೆನ್ನಿನ ಗೆರೆ ಕಿವಿಯ ಬುಡದಿಂದ ಮೇಲೇರಿ, ಸೊಂಟದ ಮೇಲೆ ಅತ್ಯುನ್ನತ ಬಿಂದು ಮುಟ್ಟಿ, ಬಾಲದವರೆಗೆ ದುಂಡಾಗಿ ಇಳಿಯಬೇಕು. ಮೇಲಿನಿಂದ ನೋಡಿದಾಗ ಭುಜಕ್ಕಿಂತ ಹಿಂಭಾಗ ತುಸು ಅಗಲವಾಗಿರಬೇಕು. ಹಿಂದಿನಿಂದ ನೋಡಿದಾಗ ಹಿಂಭಾಗ ಕೆಳಗಡೆಯೂ ತುಂಬಿಕೊಂಡಿರಬೇಕು. ತುಪ್ಪಟವು ಕಣ್ಣನ್ನು ವಂಚಿಸುವುದರಿಂದ ಕೈಯಿಂದ ಮುಟ್ಟಿ ನೋಡುವುದಕ್ಕೆ ಹೆಚ್ಚಿನ ಮಹತ್ವವಿದೆ: ಬೆನ್ನೆಲುಬಿನ ಮೊನೆಗಳು ಅಂಗೈಗೆ ಚುಚ್ಚುತ್ತವೆಯೇ, ಸೊಂಟದ ಮೂಳೆ ಹೊರಚಾಚಿದೆಯೇ, ಮಾಂಸ ಗಟ್ಟಿಯಾಗಿದೆಯೇ ಅಥವಾ ಕೊಬ್ಬಿನಿಂದ ಸಡಿಲವಾಗಿದೆಯೇ ಎಂಬುದು ಕೈಗೇ ತಿಳಿಯಬೇಕು.

ಇಬ್ಬರು ಮೂವರು ಅನುಭವಿಗಳು ಒಂದೇ ಮೊಲವನ್ನು ಬೇರೆಬೇರೆಯಾಗಿ ಅಂಕವಿಟ್ಟು ನೋಡುವುದು ಸಾಕಾಣಿಕೆದಾರರಲ್ಲಿ ಪ್ರಚಲಿತವಾದ ಅಭ್ಯಾಸ. ದಿನವೂ ಕಾಣುವ ಮೊಲದ ಕೊರತೆ ಅದನ್ನು ಸಾಕಿದವರ ಕಣ್ಣಿಗೆ ಬೀಳದೆ ಹೋಗಬಹುದು. ಪ್ರೀತಿಯಿಂದ ಬೆಳೆಸಿದ ಸಾಧು ಮೊಲ ಸಹಜವಾಗಿಯೇ ಎಲ್ಲಕ್ಕಿಂತ ಅಂದವಾಗಿ ತೋರಬಹುದು. ಸಾಧುಸ್ವಭಾವವು ಮೇಜಿನ ಮೇಲೆ ಮೊಲ ಚೆನ್ನಾಗಿ ಕೂರುವಂತೆ ಮಾಡುತ್ತದೆಯಾದರೂ ಇಲ್ಲದ ಮೈಕಟ್ಟನ್ನು ಅದು ತಂದುಕೊಡಲಾರದು.

ತುಪ್ಪಟ, ಬಣ್ಣ ಮತ್ತು ಗುರುತುಗಳು

ಬಾಲದಿಂದ ತಲೆಯ ಕಡೆಗೆ ತುಪ್ಪಟವನ್ನು ಹಿಮ್ಮುಖವಾಗಿ ಸವರಿದಾಗ ಕೆಲವು ತಳಿಗಳಲ್ಲಿ ಅದು ತಟ್ಟನೆ ಮೊದಲಿನ ಸ್ಥಿತಿಗೆ ಮರಳಬೇಕು. ಇನ್ನು ಕೆಲವುಗಳಲ್ಲಿ ನಿಧಾನವಾಗಿ ಉರುಳಿಕೊಂಡು ಮರಳಬೇಕು. ತುಪ್ಪಟದ ಮೇಲೆ ಮೆಲ್ಲಗೆ ಊದಿದಾಗ ಕಾಣುವ ಚರ್ಮದ ಪ್ರಮಾಣದಿಂದ ಅದರ ದಟ್ಟಣೆಯನ್ನು ಅಂದಾಜಿಸುತ್ತಾರೆ. ಹೀಗೆ ಊದಿದಾಗಲೇ ಕೂದಲಿನ ಬುಡದ ಬಣ್ಣ ಮತ್ತು ಅಗೌಟಿ ಮಾದರಿಯ ಬಣ್ಣದ ಉಂಗುರಗಳೂ ಗೋಚರಿಸುತ್ತವೆ. ಬೇರೆ ಬಣ್ಣದ ಬಿಡಿಗೂದಲುಗಳು ಅಲ್ಲಲ್ಲಿ ಕಂಡರೆ ದೋಷ. ಬಣ್ಣದ ಮೊಲದಲ್ಲಿ ಬಿಳಿಯ ಮಚ್ಚೆಯಿದ್ದರೆ ಹಲವು ತಳಿಗಳಲ್ಲಿ ಅನರ್ಹತೆ.

ಬಣ್ಣವು ಪರಿಸರದಿಂದಲೂ ಬದಲಾಗುತ್ತದೆ. ಹಿಮಾಲಯನ್ ಮತ್ತು ಕ್ಯಾಲಿಫೋರ್ನಿಯನ್ ತಳಿಗಳಲ್ಲಿ ಮೂಗು, ಕಿವಿ, ಕಾಲು ಮತ್ತು ಬಾಲದ ಗಾಢವರ್ಣ ತಾಪಮಾನವನ್ನು ಅವಲಂಬಿಸಿದೆ. ಬಣ್ಣ ತಯಾರಿಸುವ ಕಿಣ್ವವು ದೇಹದ ತಂಪಾದ ಭಾಗಗಳಲ್ಲಿ ಮಾತ್ರ ಕೆಲಸ ಮಾಡುವುದೇ ಇದಕ್ಕೆ ಕಾರಣ. ಚಳಿಗಾಲದಲ್ಲಿ ಗುರುತುಗಳು ಗಾಢವಾಗುತ್ತವೆ; ಚಳಿ ಹೆಚ್ಚಾದರೆ ಬಿಳಿಯಿರಬೇಕಾದ ಮೈಮೇಲೂ ಮಸಿ ಬಣ್ಣ ಮೂಡಬಹುದು. ಬಿಸಿಲಿಗೆ ಒಡ್ಡಿದ ಕಪ್ಪು ಮೊಲದ ತುಪ್ಪಟ ಕಂದಿ ಕೆಂಪಾಗುತ್ತದೆ. ಕೊಳಕು ಗೂಡಿನಲ್ಲಿರುವ ಬಿಳಿ ಮೊಲದ ಪಾದಗಳಿಗೆ ಮೂತ್ರದ ಹಳದಿ ಕಲೆ ಹತ್ತುತ್ತದೆ.

ಡಚ್ ಮೊಲದಲ್ಲಿ ಮುಖದ ಬಿಳಿಪಟ್ಟಿ, ಮೈಯ ನಡುವಿನ ನೇರ ಗಡಿರೇಖೆ ಮತ್ತು ಹಿಂಗಾಲಿನ ಬಿಳಿ ತುದಿಗಳು ಹುಟ್ಟಿದ ಕೆಲವೇ ದಿನಗಳಲ್ಲಿ ಸ್ಪಷ್ಟವಾಗುತ್ತವೆ ಮತ್ತು ಮುಂದೆ ಬದಲಾಗುವುದಿಲ್ಲ. ಆದ್ದರಿಂದ ಗುರುತಿನ ತಳಿಗಳಲ್ಲಿ ಮೊದಲ ಆಯ್ಕೆ ಮರಿಗಳು ಗೂಡಿನ ಪೆಟ್ಟಿಗೆಯಲ್ಲಿರುವಾಗಲೇ ಸಾಧ್ಯ. ಮೈಕಟ್ಟಿಗೆ ಪ್ರಾಧಾನ್ಯವಿರುವ ತಳಿಗಳಲ್ಲಿ ಅಷ್ಟು ಬೇಗ ತೀರ್ಮಾನಿಸಲಾಗದು.

ಪ್ರದರ್ಶನದ ದಿನದ ಸ್ಥಿತಿ

ಸಮಾನ ಗುಣದ ಎರಡು ಮೊಲಗಳ ನಡುವೆ ಫಲಿತಾಂಶ ನಿರ್ಧರಿಸುವುದು ಹೆಚ್ಚಾಗಿ ಆ ದಿನದ ಸ್ಥಿತಿ. ಇದರಲ್ಲಿ ಮುಖ್ಯವಾದದ್ದು ರೋಮ ಉದುರುವಿಕೆ. ಹಳೆಯ ತುಪ್ಪಟ ಉದುರಿ ಹೊಸದು ಪೂರ್ಣವಾಗಿ ಬರಲು ಹಲವು ವಾರಗಳು ಬೇಕು. ಆ ಅವಧಿಯಲ್ಲಿ ಬಣ್ಣ ತೇಪೆತೇಪೆಯಾಗಿ, ದಟ್ಟಣೆ ಕಡಿಮೆಯಾಗಿ ಕಾಣುತ್ತದೆ. ಎಳೆಯ ಮೊಲಗಳು ಮರಿತುಪ್ಪಟ ಕಳೆದುಕೊಳ್ಳುವಾಗಲೂ ಇದೇ ತೊಂದರೆ ಎದುರಾಗುತ್ತದೆ. ಪ್ರತಿ ಮೊಲದ ರೋಮ ಉದುರುವ ದಿನಾಂಕಗಳನ್ನು ಬರೆದಿಟ್ಟರೆ ಮುಂದಿನ ಪ್ರದರ್ಶನಕ್ಕೆ ಯಾವುದು ಸಿದ್ಧವಾಗಿರುತ್ತದೆ ಎಂದು ಊಹಿಸಬಹುದು.

ಹೆಣ್ಣು ಮೊಲಗಳ ವಿಷಯದಲ್ಲಿ ಸಂತಾನದ ಕಾಲವನ್ನೂ ಗಮನಿಸಬೇಕಾಗುತ್ತದೆ. ಮೊಲದ ಗರ್ಭಾವಧಿ ಸುಮಾರು 31 ದಿನ. ಮರಿ ಹಾಕುವ ಮುನ್ನ ಹೆಣ್ಣು ತನ್ನ ಹೊಟ್ಟೆ ಮತ್ತು ಗದ್ದದ ಕೆಳಗಿನ ಕೂದಲು ಕಿತ್ತು ಗೂಡಿಗೆ ಹಾಸುತ್ತದೆ. ಹಾಲೂಡಿಸುವಾಗ ಮೈ ಇಳಿಯುತ್ತದೆ. ಹೀಗಾಗಿ ಒಂದೇ ಋತುವಿನಲ್ಲಿ ಒಂದು ಹೆಣ್ಣಿನಿಂದ ಮರಿಗಳನ್ನೂ ಬಹುಮಾನಗಳನ್ನೂ ಪಡೆಯುವುದು ಕಷ್ಟ. ಕೆಲವರು ಉತ್ತಮ ಹೆಣ್ಣುಗಳನ್ನು ಮೊದಲು ಪ್ರದರ್ಶಿಸಿ ಆಮೇಲೆ ಮರಿಗೆ ಬಿಡುತ್ತಾರೆ. ಆದರೆ ಬಹಳ ಕಾಲ ಮರಿ ಹಾಕದೆ ಕೊಬ್ಬು ತುಂಬಿದ ಹೆಣ್ಣು ಮುಂದೆ ಗರ್ಭ ಕಟ್ಟಲು ತೊಂದರೆಪಡಬಹುದು.

ಆಯ್ಕೆಯ ಕಾಲಕ್ರಮ

ಆಯ್ಕೆ ಒಂದೇ ದಿನದ ಕೆಲಸವಲ್ಲ. ಎಂಟರಿಂದ ಹತ್ತು ವಾರಗಳಲ್ಲಿ ಮರಿಗಳನ್ನು ತಾಯಿಯಿಂದ ಬೇರ್ಪಡಿಸುವ ಹೊತ್ತಿಗೆ ಮೊದಲ ವಿಂಗಡಣೆ ನಡೆದು, ಸ್ಪಷ್ಟ ಅನರ್ಹತೆಯಿರುವವು ಮನೆಸಾಕಣೆಗೆ ಹೋಗುತ್ತವೆ. ಹಾಲೆಂಡ್ ಲಾಪ್‌ನಂತಹ ತಳಿಗಳಲ್ಲಿ ಮರಿಗಳು ಎರಡನೆಯ ತಿಂಗಳ ಬಳಿಕ ಕೆಲವು ವಾರ ಅಂದಗೆಟ್ಟಂತೆ ಕಾಣುತ್ತವೆ; ತಲೆ, ಕಿವಿ ಮತ್ತು ಮೈ ಒಂದೇ ವೇಗದಲ್ಲಿ ಬೆಳೆಯದಿರುವುದು ಇದಕ್ಕೆ ಕಾರಣ. ಈ ಹಂತದಲ್ಲಿ ಮರಿಗಳನ್ನು ಮಾರಿಬಿಟ್ಟು, ಅನಂತರ ಅವೇ ಬೇರೆಯವರ ಕೈಯಲ್ಲಿ ಗೆಲ್ಲುವುದುಂಟು. ಹೀಗಾಗಿ ಗಟ್ಟಿ ಮೂಳೆ, ಅಗಲ ಭುಜ, ತುಂಬಿದ ಹಿಂಭಾಗ ಮುಂತಾದ ಬೇಗ ಬದಲಾಗದ ಲಕ್ಷಣಗಳನ್ನು ನೋಡಿ, ಉಳಿದ ತೀರ್ಮಾನವನ್ನು ನಾಲ್ಕೈದು ತಿಂಗಳವರೆಗೆ ಮುಂದೂಡುವುದು ಉಚಿತವೆಂದು ಭಾವಿಸಲಾಗಿದೆ.

ಬ್ರಿಟನ್ನಿನ ಪದ್ಧತಿಯಲ್ಲಿ ಈ ಮುಂದೂಡಿಕೆಗೆ ಒಂದು ಮಿತಿಯಿದೆ. ಅಲ್ಲಿ ಹಚ್ಚೆಯ ಬದಲು ಮೊಲದ ಹಿಂಗಾಲಿಗೆ ಸಂಖ್ಯೆಯಿರುವ ಲೋಹದ ಉಂಗುರ ತೊಡಿಸುತ್ತಾರೆ. ಜೋಡಣೆಯಿಲ್ಲದ ಆ ಉಂಗುರವನ್ನು ಪಾದ ಸಣ್ಣದಿರುವಾಗ ಮಾತ್ರ ಏರಿಸಲು ಸಾಧ್ಯ. ಭವಿಷ್ಯದಲ್ಲಿ ಪ್ರದರ್ಶನಕ್ಕೆ ಬರಬಹುದಾದ ಮರಿಗಳೆಲ್ಲಕ್ಕೂ ಮೊದಲೇ ಉಂಗುರ ಹಾಕಬೇಕು. ಉಂಗುರವಿಲ್ಲದೆ ಬೆಳೆದ ಮೊಲ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಆಮೇಲೆ ತೊಡಿಸಲಾಗದು.

ಸ್ಪರ್ಧೆಯ ಸ್ವರೂಪ ಮತ್ತು ಆಯ್ಕೆ

ಅಮೆರಿಕದಲ್ಲಿ ಮೊಲಗಳನ್ನು ಪರಸ್ಪರ ಹೋಲಿಸಿ ತರಗತಿಯಲ್ಲಿ ಸ್ಥಾನ ನೀಡಲಾಗುತ್ತದೆ. ತರಗತಿಗಳ ವಿಜೇತರಿಂದ ಬಣ್ಣದ ಪ್ರಭೇದದ ಅತ್ಯುತ್ತಮ ಮೊಲ, ಅವುಗಳಿಂದ ತಳಿಯ ಅತ್ಯುತ್ತಮ ಮೊಲ, ಕೊನೆಗೆ ಇಡೀ ಪ್ರದರ್ಶನದ ಅತ್ಯುತ್ತಮ ಮೊಲ ಆಯ್ಕೆಯಾಗುತ್ತದೆ. ಕನಿಷ್ಠ ಮೂವರು ಪ್ರದರ್ಶಕರ ಐದು ಮೊಲಗಳಾದರೂ ಸ್ಪರ್ಧಿಸಿದ ತರಗತಿಯಲ್ಲಿ ಮೊದಲ ಸ್ಥಾನ ಪಡೆದರೆ 'ಲೆಗ್' ಎಂಬ ಪ್ರಮಾಣಪತ್ರ ದೊರೆಯುತ್ತದೆ. ಕನಿಷ್ಠ ಇಬ್ಬರು ಬೇರೆ ತೀರ್ಪುಗಾರರಿಂದ ಇಂತಹ ಮೂರು ಪ್ರಮಾಣಪತ್ರ ಪಡೆದ, ಅವುಗಳಲ್ಲಿ ಒಂದನ್ನಾದರೂ ಮಧ್ಯಮ ಅಥವಾ ಹಿರಿಯ ವಯಸ್ಸಿನಲ್ಲಿ ಗಳಿಸಿದ ನೋಂದಾಯಿತ ಮೊಲಕ್ಕೆ ಗ್ರ್ಯಾಂಡ್ ಚಾಂಪಿಯನ್ ಪದವಿ ಸಲ್ಲುತ್ತದೆ. ನೋಂದಣಿಗೆ ಆರು ತಿಂಗಳ ವಯಸ್ಸು, ಮೂರು ತಲೆಮಾರಿನ ವಂಶಾವಳಿ ಮತ್ತು ಅಧಿಕೃತ ನೋಂದಣಿಗಾರರ ತಪಾಸಣೆ ಅಗತ್ಯ. ಎಳೆಯ ವಯಸ್ಸಿನಲ್ಲಷ್ಟೇ ಮಿಂಚಿ ಮರೆಯಾಗುವ ಮೊಲಕ್ಕೆ ಈ ಪದವಿ ಸಿಗದಂತೆ ನಿಯಮ ರೂಪಿಸಲಾಗಿದೆ.

ಮಾಂಸದ ಮೊಲಗಳ ಗುಂಪು ಸ್ಪರ್ಧೆಯಲ್ಲಿ ಒಂದೇ ತಳಿಯ, 70 ದಿನ ಮೀರದ ಮೂರು ಮರಿಗಳನ್ನು ಒಟ್ಟಿಗೆ ತೋರಿಸಬೇಕು. ಇಲ್ಲಿ ಮೂರರ ಸಮರೂಪತೆಗೂ ಬೆಲೆಯಿದೆ. ಒಂದು ಅತ್ಯುತ್ತಮ ಮರಿ ಮತ್ತು ಎರಡು ಸಾಧಾರಣ ಮರಿಗಳಿಗಿಂತ ತೂಕ ಮತ್ತು ಆಕಾರದಲ್ಲಿ ಹೊಂದಿಕೊಳ್ಳುವ ಮೂರು ಉತ್ತಮ ಮರಿಗಳು ಮುಂದೆ ಬರುತ್ತವೆ. ಜರ್ಮನಿಯಲ್ಲಿ ಪ್ರತಿ ಮೊಲಕ್ಕೂ 100ಕ್ಕೆ ಇಷ್ಟೆಂದು ಅಂಕ ನೀಡಿ ಲಿಖಿತ ಅಂಕಪಟ್ಟಿ ಕೊಡುತ್ತಾರೆ. ನಾಲ್ಕು ಮೊಲಗಳ ಗುಂಪನ್ನು ಪ್ರದರ್ಶಿಸುವ ವಿಭಾಗವೂ ಅಲ್ಲಿದೆ. ಅಂತಹ ಕಡೆ ಒಂದು ಮೊಲದ ಮೇಲುಗೈಗಿಂತ ಗುಂಪಿನ ಒಟ್ಟಾರೆ ಗುಣಮಟ್ಟ ಮುಖ್ಯವಾಗುತ್ತದೆ.

ಪ್ರದರ್ಶನದ ಮೊಲ ಮತ್ತು ಸಂತಾನದ ಮೊಲ

ಪ್ರದರ್ಶನಕ್ಕೆ ಒಪ್ಪುವ ರೂಪವು ಕೆಲವು ತಳಿಗಳಲ್ಲಿ ಒಂದು ವಂಶವಾಹಿಯ ಎರಡು ಭಿನ್ನ ಪ್ರತಿಗಳಿಂದ ಉಂಟಾಗುತ್ತದೆ. ಇಂತಹ ತಳಿಗಳಲ್ಲಿ ಬಹುಮಾನಿತ ಮೊಲಗಳನ್ನಷ್ಟೇ ಪರಸ್ಪರ ಕೂಡಿಸಿದರೂ ಎಲ್ಲ ಮರಿಗಳೂ ಪ್ರದರ್ಶನಯೋಗ್ಯವಾಗುವುದಿಲ್ಲ.

ಇಂಗ್ಲಿಷ್ ಸ್ಪಾಟ್ ಇದಕ್ಕೆ ಉತ್ತಮ ನಿದರ್ಶನ. ಚುಕ್ಕೆಯ ವಂಶವಾಹಿಯ ಒಂದೇ ಪ್ರತಿಯಿರುವ ಮೊಲಕ್ಕೆ ಬೇಕಾದಷ್ಟು ಚುಕ್ಕೆಗಳೂ ಬೆನ್ನಪಟ್ಟಿಯೂ ಇರುತ್ತವೆ. ಅಂತಹ ಎರಡನ್ನು ಕೂಡಿಸಿದಾಗ ಸರಾಸರಿ ಅರ್ಧದಷ್ಟು ಮರಿಗಳು ತಂದೆತಾಯಿಗಳಂತೆ, ಕಾಲುಭಾಗ ಚುಕ್ಕೆಯಿಲ್ಲದ ಏಕವರ್ಣದವು, ಉಳಿದ ಕಾಲುಭಾಗ ತೀರಾ ಕಡಿಮೆ ಬಣ್ಣದ 'ಚಾರ್ಲಿ'ಗಳು ಹುಟ್ಟುತ್ತವೆ. ಎರಡೂ ಪ್ರತಿಗಳಿರುವ ಚಾರ್ಲಿಗಳಲ್ಲಿ ದೊಡ್ಡಕರುಳು ಹಿಗ್ಗುವ ಕಾಯಿಲೆ ಕಾಣಿಸಿಕೊಳ್ಳುವುದುಂಟು. ಏಕವರ್ಣದ ಮೊಲ ಪ್ರದರ್ಶನಕ್ಕೆ ಬಾರದಿದ್ದರೂ ಅದನ್ನು ಚುಕ್ಕೆಯ ಮೊಲದೊಡನೆ ಕೂಡಿಸಿದರೆ ಚಾರ್ಲಿಗಳು ಹುಟ್ಟುವುದೇ ಇಲ್ಲ. ಸರಾಸರಿ ಅರ್ಧದಷ್ಟು ಮರಿಗಳು ಚುಕ್ಕೆಯವಾಗಿರುತ್ತವೆ.

ನೆದರ್ಲೆಂಡ್ ಡ್ವಾರ್ಫ್ ತಳಿಯಲ್ಲಿ ಕುಬ್ಜತೆಯ ವಂಶವಾಹಿಯ ಎರಡು ಪ್ರತಿ ಪಡೆದ ಮರಿಗಳು ಹುಟ್ಟಿದ ಕೆಲವೇ ದಿನಗಳಲ್ಲಿ ಸಾಯುತ್ತವೆ. ಈ ಕುಬ್ಜತೆಗೆ ಎಚ್‌ಎಂಜಿಎ2 ಎಂಬ ವಂಶವಾಹಿಯ ಭಾಗವೊಂದು ಲೋಪವಾಗಿರುವುದು ಕಾರಣವೆಂದು 2017ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಎರಡು ಕುಬ್ಜ ಮೊಲಗಳನ್ನು ಕೂಡಿಸಿದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿ ಹೀಗೆ ನಷ್ಟವಾಗುತ್ತದೆ. ಕುಬ್ಜತೆಯ ವಂಶವಾಹಿಯಿಲ್ಲದ ಹೆಣ್ಣು ತೂಕದ ಮಿತಿ ಮೀರಿ ಬೆಳೆಯುವುದರಿಂದಲೂ ಉದ್ದ ಕಿವಿಯಿಂದಲೂ ಪ್ರದರ್ಶನಕ್ಕೆ ಸಲ್ಲದು. ಆದರೆ ಕುಬ್ಜ ಗಂಡಿನೊಡನೆ ಕೂಡಿದಾಗ ಅದು ಇಂತಹ ಸಾವಿಲ್ಲದೆ ಕುಬ್ಜ ಮರಿಗಳನ್ನು ನೀಡಬಲ್ಲದು. ಆದುದರಿಂದ ಪ್ರದರ್ಶನದ ಪಟ್ಟಿಯಿಂದ ಕೈಬಿಟ್ಟ ಮೊಲಗಳೇ ಹಲವೊಮ್ಮೆ ಒಂದು ಮೊಲದಮನೆಯ ಮುಂದಿನ ಪೀಳಿಗೆಗೆ ಆಧಾರವಾಗುತ್ತವೆ.

ಆರೋಗ್ಯ ಮತ್ತು ರೋಗಭೀತಿ

ನೂರಾರು ಮೊಲಗಳು ಒಂದೆಡೆ ಸೇರುವ ಪ್ರದರ್ಶನಗಳು ರೋಗ ಹರಡುವ ತಾಣಗಳೂ ಆಗಬಲ್ಲವು. 1984ರಲ್ಲಿ ಚೀನಾದಲ್ಲಿ ಮೊದಲು ಗುರುತಿಸಲಾದ ಮೊಲಗಳ ರಕ್ತಸ್ರಾವ ರೋಗವು ಮಾರಕವಾದುದು. ಅದರ ಎರಡನೆಯ ಬಗೆಯ ವೈರಾಣು 2010ರಲ್ಲಿ ಫ್ರಾನ್ಸಿನಲ್ಲಿ ಪತ್ತೆಯಾಯಿತು. 2020ರಲ್ಲಿ ಅಮೆರಿಕದ ನೈರುತ್ಯ ಭಾಗದ ಕಾಡು ಮತ್ತು ಸಾಕು ಮೊಲಗಳಲ್ಲಿ ಅದು ಹಬ್ಬಿದಾಗ ಹಲವೆಡೆ ಪ್ರದರ್ಶನಗಳು ರದ್ದಾದವು. ಅಮೆರಿಕದಲ್ಲಿ ತಯಾರಾದ ಲಸಿಕೆಗೆ 2021ರಲ್ಲಿ ತುರ್ತುಬಳಕೆಯ ಅನುಮತಿ ದೊರೆಯಿತು.

ಸೀನು, ಮೂಗಿನ ಸ್ರಾವ, ಭೇದಿ ಅಥವಾ ಮೇವು ಬಿಟ್ಟ ಲಕ್ಷಣವಿರುವ ಮೊಲವನ್ನು ಎಷ್ಟೇ ಗೆಲುವಿನ ನಿರೀಕ್ಷೆಯಿದ್ದರೂ ಒಯ್ಯಬಾರದು. ಅದರ ಅಕ್ಕಪಕ್ಕದ ಗೂಡಿನವನ್ನೂ ತಡೆದಿಡುವುದು ಸೂಕ್ತ. ಪ್ರದರ್ಶನದಿಂದ ಮರಳಿದ ಮೊಲಗಳನ್ನು ಕೆಲವು ವಾರ ಪ್ರತ್ಯೇಕವಾಗಿರಿಸಿ, ಉಳಿದವಕ್ಕೆ ಮೇವು ಹಾಕಿದ ನಂತರವೇ ಅವುಗಳ ಬಳಿ ಹೋಗಲು ಸೂಚಿಸಲಾಗುತ್ತದೆ. ಮೊಲಗಳು ಬೆವರುವುದಿಲ್ಲ, ಕಿವಿಗಳ ಮೂಲಕ ಶಾಖವನ್ನು ಹೊರಹಾಕುತ್ತವೆ. ತಾಪಮಾನ 30 ಡಿಗ್ರಿ ಸೆಲ್ಸಿಯಸ್ ದಾಟಿದ ದಿನಗಳ ಪ್ರಯಾಣ ಅವುಗಳಿಗೆ ಅಪಾಯಕಾರಿ. ಗಬ್ಬದ ಹೆಣ್ಣು, ದಟ್ಟ ಉಣ್ಣೆಯ ಅಂಗೋರಾ ಮತ್ತು ವಯಸ್ಸಾದ ಮೊಲಗಳನ್ನು ಬೇಸಿಗೆಯ ಪ್ರದರ್ಶನಗಳಿಂದ ದೂರವಿಡುವುದು ಈ ಕಾರಣದಿಂದ.

ನೀತಿ ಮತ್ತು ಟೀಕೆ

ತುಪ್ಪಟ ಬಾಚುವುದು, ಉಗುರಿನ ತುದಿ ಕತ್ತರಿಸುವುದು, ಕಲೆ ತೊಡೆಯುವುದು ಸಹಜ ಆರೈಕೆಯೆನಿಸುತ್ತವೆ. ಆದರೆ ಬಣ್ಣ ಹಚ್ಚುವುದು, ಉಗುರಿಗೆ ಬಣ್ಣ ಬಳಿಯುವುದು, ಬೇರೆ ಬಣ್ಣದ ಮಚ್ಚೆಯ ಕೂದಲು ಕೀಳುವುದು ಮುಂತಾದ ಮರೆಮಾಚುವ ಕ್ರಮಗಳು ಅನರ್ಹತೆಗೆ ಕಾರಣವಾಗುತ್ತವೆ.

ಮಾನದಂಡದ ಕೆಲವು ಆದರ್ಶಗಳೇ ಪ್ರಾಣಿಯ ಹಿತಕ್ಕೆ ಮಾರಕವೆಂಬ ಟೀಕೆಯೂ ಇದೆ. ಚಪ್ಪಟೆ ಮುಖ ಮತ್ತು ಜೋಲುಕಿವಿಗಳು ಹಲ್ಲು ಹಾಗೂ ಕಿವಿಯ ತೊಂದರೆ ಹೆಚ್ಚಿಸುತ್ತವೆ ಎಂಬುದು ಪ್ರಾಣಿಹಿತ ಕಾರ್ಯಕರ್ತರ ವಾದ. ಬ್ರಿಟನ್ನಿನಲ್ಲಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ನೆಟ್ಟಗಿವಿಯ ಮೊಲಗಳಿಗಿಂತ ಜೋಲುಕಿವಿಯವುಗಳಲ್ಲಿ ಇಂತಹ ತೊಂದರೆ ಹೆಚ್ಚೆಂದು ಕಂಡುಕೊಂಡಿತು. ಆದರೆ ಈ ಕುರಿತ ಎಲ್ಲ ಅಧ್ಯಯನಗಳ ಫಲಿತಾಂಶಗಳೂ ಒಂದೇ ತೆರನಾಗಿಲ್ಲ. ತೀರ್ಪುಗಾರರು ಮಾನದಂಡದ ಯಾವ ಅಂಶಕ್ಕೆ ಒತ್ತು ಕೊಡುತ್ತಾರೋ ಸಾಕಾಣಿಕೆದಾರರು ಅದಕ್ಕೆ ತಕ್ಕ ಮೊಲಗಳನ್ನೇ ಆರಿಸಿ ತರುತ್ತಾರೆ. ಕೆಲವು ಪೀಳಿಗೆಗಳಲ್ಲಿ ತಳಿಯ ರೂಪವೂ ಅತ್ತ ವಾಲುತ್ತದೆ. ಮರಿಗಳನ್ನು ಚೆನ್ನಾಗಿ ಸಾಕುವ ತಾಯ್ತನ, ರೋಗನಿರೋಧಕ ಶಕ್ತಿ ಮತ್ತು ದೀರ್ಘಾಯುಷ್ಯವನ್ನು ಮೇಜಿನ ಮೇಲೆ ಕೆಲವು ನಿಮಿಷಗಳಲ್ಲಿ ಅಳೆಯಲಾಗದು. ಈ ಗುಣಗಳ ದಾಖಲೆಯನ್ನು ಸಾಕಾಣಿಕೆದಾರರೇ ಇಟ್ಟುಕೊಂಡು, ಪ್ರದರ್ಶನದ ಫಲಿತಾಂಶದ ಜೊತೆಯಲ್ಲಿ ಅವನ್ನೂ ಆಯ್ಕೆಗೆ ಆಧಾರವಾಗಿಸಿಕೊಳ್ಳಬೇಕಾಗುತ್ತದೆ.